ಬಿಟ್ಟಿ ಭಾನುವಾರಗಳು

ಇಪ್ಪತ್ತೊಂದು ವರ್ಷ ಮುದುಕ ಮುದುಕಿಯರ ಬೆಡ್‌ಶೀಟು ಒಗೆದವಳು ನಾನು. ಹೇಲು, ಉಚ್ಚೆ, ವಾಂತಿ ಎಲ್ಲವನ್ನೂ ನೋಡಿದ್ದೇನೆ. ಬಿಸಿನೀರಿಗೆ ಹೋಗುವ ಕೊಳೆಗೆ ನಾನೆಂದೂ ಹೇಸಿದವಳಲ್ಲ. ಆದರೆ ಕ್ಲೈವ್ ಪಾರ್ಜಿಟರ್ ಎಂಬ ಮನುಷ್ಯ ನೆನಪಾದರೆ ಈಗಲೂ ಬಾಯಿ ಕಹಿಯಾಗುತ್ತದೆ. ಆ ಕಹಿಯಲ್ಲಿ ಅರ್ಧ ನನ್ನದೇ. ಅದನ್ನು ಮೊದಲೇ ಹೇಳಿಬಿಡುವುದು ವಾಸಿ.

ನಮ್ಮ ಹಾಲ್ಬೀ ಊರಿನ ಸಮುದ್ರದಂಡೆ ರಸ್ತೆಯಲ್ಲಿ ಪಾರ್ಜಿಟರ್ ಒಂದು ವೃದ್ಧಾಶ್ರಮ ನಡೆಸುತ್ತಿದ್ದ. ಒಟ್ಟು ಮೂವತ್ನಾಲ್ಕು ಹಾಸಿಗೆ. ಮೇಲೆ ಕಿಟಕಿಗಳಿಗೆ ಲೇಸಿನ ಪರದೆ, ಹಜಾರದಲ್ಲಿ ಪಿಯಾನೊ. ಕೆಳಗೆ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆ. ಅಲ್ಲಿ ನಾವಿಬ್ಬರು, ನೊರೀನ್ ಎಂಬ ನಾನು ಮತ್ತು ಬೆವರ್ಲಿ ಸ್ಟಾಟ್. ಅವಳನ್ನು ಊರೆಲ್ಲ ಬೆವ್ ಎಂದೇ ಕರೆಯುತ್ತಿತ್ತು. ಇಬ್ಬರದೂ ಗಂಟೆ ಲೆಕ್ಕದ ಕೂಲಿ, ಅರೆಹೊತ್ತಿನ ಕೆಲಸ. ಸಾಲದೆ ಬಂದದ್ದನ್ನು ಸರಕಾರದ ನೆರವು ತುಂಬಿಕೊಡುತ್ತಿತ್ತು. ನಮ್ಮ ಬೀದಿಯಲ್ಲಿ ಆ ನೆರವಿಲ್ಲದ ಮನೆ ಇದ್ದರೆ ಎರಡೋ ಮೂರೋ.

ಬೆವ್‌ಳ ಗಂಡ ರೆಜ್ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದವನು. ಆ ಸೆಪ್ಟೆಂಬರಿನಲ್ಲಿ ಅವನಿಗೆ ಲಕ್ವ ಹೊಡೆದು ಎಡಭಾಗ ಬಿದ್ದುಹೋಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಬೆವ್ ಬೆಳಿಗ್ಗೆ ಅವನನ್ನು ಕುರ್ಚಿಯಲ್ಲಿ ಕೂರಿಸಿ, ಪಕ್ಕದಲ್ಲಿ ಫ್ಲಾಸ್ಕು ಇಟ್ಟು ಕೆಲಸಕ್ಕೆ ಬರುತ್ತಿದ್ದಳು. ಒಂದು ದಿನ ಅವನು ತಾನೇ ಟೋಸ್ಟ್ ಮಾಡಿಕೊಳ್ಳಲು ಹೋಗಿ ಅಂಗಿಯ ತೋಳು ಸುಟ್ಟುಕೊಂಡ.

"ವಾರಕ್ಕೆ ಇಪ್ಪತ್ನಾಲ್ಕು ಗಂಟೆ ನನ್ನ ಕೈಲಿ ಆಗಲ್ಲ ನೊರೀನ್," ಎಂದಳು ಬೆವ್, ಒದ್ದೆ ಟವೆಲುಗಳನ್ನು ಡ್ರೈಯರ್‌ಗೆ ತುರುಕುತ್ತಾ. "ಹದಿನಾಲ್ಕಕ್ಕೆ ಇಳಿಸಿ ಅಂತ ಕೇಳೋಣ ಅಂತಿದೀನಿ. ಕೊರತೆ ಬಿದ್ದಿದ್ದನ್ನ ನೆರವಿನವರು ಕೊಡ್ತಾರಲ್ಲ."

"ನೀನಾಗಿ ಇಳಿಸ್ಕೊಂಡ್ರೆ ಕೊಡಲ್ಲ ಕಣೇ," ಎಂದೆ ನಾನು. "ಕೈಯಾರೆ ಕೆಲಸ ಬಿಟ್ಟವರಿಗೆ ಇರೋದನ್ನೂ ನಿಲ್ಲಿಸ್ತಾರೆ. ಕೆಲಸ ಕೊಟ್ಟ ಯಜಮಾನನೇ ಗಂಟೆ ಕಡಿಮೆ ಮಾಡಿದ ಅಂತ ಪತ್ರ ಬೇಕು."

"ನಿನಗೆ ಯಾರು ಹೇಳಿದ್ರು?"

"ಪಾರ್ಜಿಟರ್. ನನ್ನಮ್ಮನಿಗೆ ಮರೆವು ಜಾಸ್ತಿಯಾದಾಗ ನನಗೂ ಬರೆದುಕೊಟ್ಟಿದ್ದು ಅವರೇ. ಹೋಗಿ ಕೇಳು."

ಅವಳನ್ನು ಮೇಲಕ್ಕೆ ಕಳಿಸಿದವಳು ನಾನೇ. ಆ ಪತ್ರಕ್ಕೆ ಬದಲಾಗಿ ನಾನು ಏನು ಕೊಡುತ್ತಿದ್ದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಹೇಳಲು ನಾಚಿಕೆಯಾಗಿತ್ತು.

ಅರ್ಧ ಗಂಟೆಯಲ್ಲಿ ಬೆವ್ ಇಳಿದು ಬಂದಳು. ಅಂಗೈಯಲ್ಲಿ ಒಂದು ಹಳದಿ ಬಿಲ್ಲೆ, ಅದರ ಮೇಲೆ 'ಸ್ವಯಂಸೇವಕಿ' ಎಂದು ಅಚ್ಚಾಗಿತ್ತು.

"ಇದೇನು ಗೊತ್ತಾ?" ಎಂದಳು. "ಪತ್ರ ಕೊಡ್ತಾನಂತೆ. 'ಆಶ್ರಮದ ಅನುಕೂಲಕ್ಕಾಗಿ ಗಂಟೆ ಕಡಿತ' ಅಂತ. ಅದಕ್ಕೆ ಪ್ರತಿಯಾಗಿ ಶನಿವಾರ ಬೆಳಿಗ್ಗೆ ಬಂದು ನಾಲ್ಕು ಗಂಟೆ ಹೊತ್ತು ಸೇವೆ ಮಾಡ್ಬೇಕಂತೆ. ಸಂಬಳ ಇಲ್ಲ. 'ನಾವೆಲ್ಲ ಒಂದೇ ಕುಟುಂಬ ಅಲ್ವಾ ಬೆವ್, ಬಂಗಾರ' ಅಂದ. ಬಾಯ್ತುಂಬ ಪೆಪ್ಪರ್‌ಮಿಂಟ್ ವಾಸನೆ."

ನಾನು ನನ್ನ ಕೈಚೀಲದ ಜಿಪ್ಪು ಎಳೆದು ನನ್ನ ಬಿಲ್ಲೆಯನ್ನು ತೋರಿಸಿದೆ.

ಅವಳು ಅದನ್ನೂ ನೋಡಿದಳು, ನನ್ನನ್ನೂ ನೋಡಿದಳು. "ಎಷ್ಟು ದಿನದಿಂದ?"

"ಎರಡು ವರ್ಷ. ಪ್ರತಿ ಭಾನುವಾರ ಐದು ಗಂಟೆ ಹೊತ್ತು."

"ಸೇವೆ ಅಂದ್ರೆ ಏನು ಮಾಡ್ತೀಯ? ಮುದುಕಿಯರ ಜೊತೆ ಹಾಡು ಹೇಳ್ತೀಯಾ?"

"ಬಟ್ಟೆ ಒಗೀತೀನಿ."

ಬೆವ್ ನಕ್ಕುಬಿಟ್ಟಳು. ಅದು ನಗುವಂಥ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಆದರೂ ಆ ಶನಿವಾರದಿಂದ ಅವಳೂ ಬಿಲ್ಲೆ ಸಿಕ್ಕಿಸಿಕೊಂಡು ಬರತೊಡಗಿದಳು. ಶುಕ್ರವಾರ ಕೂಲಿಗೆ ತಿಕ್ಕಿದ ಕಲೆಯನ್ನೇ ಶನಿವಾರ ಸೇವೆಯೆಂದು ತಿಕ್ಕುವುದು. ಕ್ರಿಸ್‌ಮಸ್‌ಗೆ ಪಾರ್ಜಿಟರ್ ಹಜಾರದಲ್ಲಿ ಎಲ್ಲರ ಮುಂದೆ ನಮ್ಮಿಬ್ಬರಿಗೂ ಒಂದೊಂದು ಬಿಸ್ಕತ್ತಿನ ಡಬ್ಬ ಕೊಟ್ಟ. ಮುದುಕರನ್ನು ನೋಡಲು ಬಂದಿದ್ದ ಮಕ್ಕಳು ಸೊಸೆಯರೆಲ್ಲ ಚಪ್ಪಾಳೆ ತಟ್ಟಿದರು. ನಾನು ತಲೆ ಬಾಗಿಸಿ ವಂದಿಸಿದ್ದೂ ಉಂಟು. ಆ ಬಿಸ್ಕತ್ತು ನನ್ನಮ್ಮ ತಿಂದಳು.

ಜನವರಿಯ ಒಂದು ಶನಿವಾರ. ಬೆವ್ ಕೆಲಸಕ್ಕೆ ಬರುವಾಗ ರೆಜ್‌ನ ಬಳಿ ಕೂರುತ್ತಿದ್ದ ಪಕ್ಕದ ಮನೆಯಾಕೆಗೆ ಜ್ವರ. ಬೆವ್ ಪಾರ್ಜಿಟರ್‌ಗೆ ಫೋನ್ ಮಾಡಿ ಈ ವಾರ ಬರಲಾಗುವುದಿಲ್ಲ ಎಂದಳು. ಅವನು ಗದರಲಿಲ್ಲ. ಅವನು ಗದರಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. "ವಾರದ ಕೊನೆಗೆ ಮನೆಯವರೆಲ್ಲ ನೋಡೋಕೆ ಬರ್ತಾರೆ ಬಂಗಾರ, ಶುಭ್ರ ಶೀಟು ಇರದಿದ್ರೆ ಹೇಗೆ? ಒಂದೆರಡು ಗಂಟೆ ಬಂದುಹೋಗಿ. ಆ ಪತ್ರದ ಬಗ್ಗೆ ನಾನು ಇನ್ನೊಂದ್ಸಲ ಯೋಚನೆ ಮಾಡೋ ಹಾಗೆ ಮಾಡ್ಬೇಡಿ," ಎಂದನಂತೆ.

ಅವಳು ಹೋದಳು. ಮೂರು ಗಂಟೆ ಹೊತ್ತು ಕಳೆದು ಮನೆಗೆ ಬಂದಾಗ ರೆಜ್ ಬಚ್ಚಲುಮನೆಯ ನೆಲದ ಮೇಲೆ ಬಿದ್ದಿದ್ದ. ತೊಡೆಯ ಮೂಳೆ ಮುರಿದಿತ್ತು. ಚಡ್ಡಿ ಒದ್ದೆ. ತುಟಿ ನೀಲಿಗಟ್ಟಿತ್ತು. ಸರಿಯಿದ್ದ ಅರ್ಧ ಬಾಯಿಂದ ಅವನು ಹೇಳಿದ್ದು ಇಷ್ಟು: "ಕೂಗಿದೆ ಬೆವ್. ತುಂಬ ಹೊತ್ತು ಕೂಗಿದೆ."

ಮುಂದಿನ ಬುಧವಾರ ನೆರವಿನ ಕಚೇರಿಯಲ್ಲಿ ಅವಳಿಗೆ ಮೊದಲೇ ಗೊತ್ತು ಮಾಡಿದ್ದ ಭೇಟಿಯಿತ್ತು. ಆಸ್ಪತ್ರೆಯಿಂದಲೇ, ತಲೆ ಕೂಡ ಬಾಚದೆ ಹೋದಳು. ಅಲ್ಲಿನ ಅಧಿಕಾರಿಣಿ, ಮೂವತ್ತರ ಒಳಗಿನ ಹೆಣ್ಣುಮಗಳು, ಕಂಪ್ಯೂಟರ್ ನೋಡುತ್ತಲೇ, "ಯಜಮಾನರು ಗಂಟೆ ಕಡಿಮೆ ಮಾಡಿದ್ದಾರೆ ಅಂತಿದೆ. ಇನ್ನೊಂದು ಕಡೆ ಗಂಟೆ ಹುಡುಕ್ತಿದೀರಾ?" ಎಂದು ಕೇಳಿದಳು.

"ಅವರು ಕಡಿಮೆ ಮಾಡಲಿಲ್ಲ," ಎಂದಳು ಬೆವ್. "ನಾನೇ ಕೇಳ್ಕೊಂಡೆ. ಗಂಡನ್ನ ನೋಡ್ಕೊಳ್ಳೋಕೆ. ಪತ್ರ ಸುಳ್ಳು. ಆ ಸುಳ್ಳಿಗೆ ನಾನು ಶನಿವಾರ ಬಿಟ್ಟಿ ಚಾಕರಿ ಮಾಡಿದೀನಿ. ಈಗ ಏನು ಮಾಡ್ತೀರೋ ಮಾಡಿ."

ಆ ಹುಡುಗಿ ಕೀಲಿಮಣೆಯಿಂದ ಕೈ ತೆಗೆದಳಂತೆ. "ಗಂಡನಿಗೆ ಲಕ್ವ ಹೊಡೆದಿದೆ, ನೋಡ್ಕೊಳ್ಳೋಕೆ ಗಂಟೆ ಇಳಿಸ್ಕೊಂಡೆ ಅಂತ ಹೇಳಿ ಡಾಕ್ಟರ ಚೀಟಿ ತೋರಿಸಿದ್ರೆ ಆಗ್ತಿತ್ತಲ್ಲಮ್ಮ. ಅದು ಸರಿಯಾದ ಕಾರಣಾನೇ. ಯಜಮಾನರ ಪತ್ರ ತನ್ನಿ ಅಂತ ನಿಮಗೆ ಹೇಳಿದ್ದು ಯಾರು?"

ಬೆವ್ ಆಗ ನನ್ನ ಹೆಸರು ಹೇಳಲಿಲ್ಲ. ಪಾರ್ಜಿಟರ್ ಎಂದಷ್ಟೇ ಹೇಳಿದಳು.

ಅಲ್ಲಿಂದ ನೇರ ನೆಲಮಾಳಿಗೆಗೆ ಬಂದಳು. ನಾನು ಶೀಟು ಮಡಿಸುತ್ತಿದ್ದೆ. ನಡೆದದ್ದನ್ನೆಲ್ಲ ಹೇಳಿ, "ಬೇಕಾಗೇ ಇರಲಿಲ್ಲ ಕಣೇ," ಎಂದಳು. "ಪತ್ರ ಬೇಕಾಗೇ ಇರಲಿಲ್ಲ. ನಿನಗೂ ಬೇಕಿರಲಿಲ್ಲ. ಎರಡು ವರ್ಷ ನೊರೀನ್. ಅಮ್ಮನ್ನ ನೋಡ್ಕೊಳ್ತೀನಿ ಅಂದಿದ್ರೆ ಮುಗೀತಿತ್ತು. ಅವನಿಗೆ ಇದೆಲ್ಲ ಗೊತ್ತಿತ್ತು."

ನನಗೆ ಪಾರ್ಜಿಟರ್‌ನ ಮೇಲೆ ಸಿಟ್ಟು ಬರಬೇಕಿತ್ತು. ಬಂದದ್ದು ಬೆವ್‌ಳ ಮೇಲೆ. "ನಿನಗ್ಯಾಕೆ ಬೇಕಿತ್ತು ಕೆದಕೋದು?" ಎಂದು ರೇಗಿದೆ. "ಸುಮ್ನಿರೋಕೆ ಆಗ್ಲಿಲ್ವಾ? ಈಗ ನನ್ನದನ್ನೂ ತೆಗೆದು ನೋಡ್ತಾರೆ. ನಿನ್ನ ಗಂಡ ಬಿದ್ದ ಅಂತ ನನ್ನನ್ನೂ ಬೀಳಿಸ್ತೀಯಾ?"

ಅವಳು ಗೂಟದಲ್ಲಿದ್ದ ತನ್ನ ಏಪ್ರನ್ನು ತೆಗೆದುಕೊಂಡು ಹೊರಟುಹೋದಳು. ಮತ್ತೆ ಆ ಕೋಣೆಗೆ ಬರಲಿಲ್ಲ.

ಆ ಭಾನುವಾರ ನಾನು ಏನು ಮಾಡಿರಬಹುದು ಎಂದು ಊಹಿಸಿ. ಬಿಲ್ಲೆ ಸಿಕ್ಕಿಸಿಕೊಂಡು ಹೋದೆ. ಎಲ್ಲ ಗೊತ್ತಿದ್ದೂ ಹೋದೆ. ಐದು ಗಂಟೆ ಒಗೆದು ಬಂದೆ.

ಸರಕಾರದ ಕೂಲಿ ತನಿಖೆಯವರಿಗೆ ಬೆವ್ ದೂರು ಬರೆದಳು. ಆ ಸುದ್ದಿ ಮುಟ್ಟಿದ ದಿನವೇ ಪಾರ್ಜಿಟರ್ ನೆಲಮಾಳಿಗೆಗೆ ಇಳಿದು ಬಂದ. ಇಪ್ಪತ್ತೊಂದು ವರ್ಷದಲ್ಲಿ ಅವನು ಆ ಮೆಟ್ಟಿಲು ಇಳಿದದ್ದು ಅದೇ ಮೊದಲು. ವಾಸನೆಗೆ ಮೂಗು ಮುಚ್ಚಿಕೊಂಡಿದ್ದ. ಕೈಯಲ್ಲಿ ಟೈಪು ಮಾಡಿದ ಒಂದು ಹಾಳೆ.

"ಪಾಪ, ಬೆವ್‌ಗೆ ಮನಸ್ಸು ಸರಿ ಇಲ್ಲ," ಎಂದ. "ಅವಳನ್ನ ನಾನು ದೂರಲ್ಲ. ಆದ್ರೆ ನೊರೀನ್, ಬಂಗಾರ, ನಿಮ್ಮ ವಿಷಯ ನನಗೆ ಚಿಂತೆ. ಅವರು ನಿಮ್ಮನ್ನ ಕೇಳಿದ್ರೆ? ಎರಡು ವರ್ಷ ಸುಳ್ಳು ಪತ್ರದ ಮೇಲೆ ತಗೊಂಡ ನೆರವು. ಅಷ್ಟನ್ನೂ ವಾಪಸ್ ಕಟ್ಟಿ ಅಂದ್ರೆ? ಅಮ್ಮನ್ನ ಎಲ್ಲಿ ಇಡ್ತೀರ? ನನ್ನ ಹತ್ರ ಈಗ ಹಾಸಿಗೆ ಖಾಲಿ ಇಲ್ಲ."

ಹಾಳೆಯಲ್ಲಿ ಹೀಗಿತ್ತು: ನಾನು ನನ್ನ ಸ್ವಂತ ಇಚ್ಛೆಯಿಂದ, ವೃದ್ಧರ ಮೇಲಿನ ಪ್ರೀತಿಯಿಂದ ಭಾನುವಾರಗಳಲ್ಲಿ ಸೇವೆ ಮಾಡುತ್ತೇನೆ. ಬೆವರ್ಲಿ ಸ್ಟಾಟ್ ಕೂಡ ಹಾಗೆಯೇ ಸಂತೋಷದಿಂದ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಇಸ್ತ್ರಿ ಮೇಜಿನ ಮೇಲೆ ಹಾಳೆ ಇಟ್ಟು ಸಹಿ ಹಾಕಿದೆ. ಅವನು ನನ್ನ ಭುಜ ಒತ್ತಿದ. ಅವನು ಹೋದ ಮೇಲೆ ಸಿಂಕಿನಲ್ಲಿ ವಾಂತಿ ಮಾಡಿಕೊಂಡೆ. ಪರರ ವಾಂತಿಯನ್ನು ಅಷ್ಟು ವರ್ಷ ತೊಳೆದ ಸಿಂಕು ಅದು.

ಮೂರು ವಾರವಾದ ಮೇಲೆ ತನಿಖೆಯ ಹೆಂಗಸೊಬ್ಬಳು ನಮ್ಮ ಮನೆಗೆ ಬಂದಳು. ವಯಸ್ಸು ನನ್ನಷ್ಟೇ, ನೆಗಡಿಯಾಗಿತ್ತು, ಮೂಗು ಕೆಂಪಗಿತ್ತು. ಅಡುಗೆಮನೆಯಲ್ಲಿ ಕೂರಿಸಿ ಚಹಾ ಕೊಟ್ಟೆ. ಅಮ್ಮ ಕಿಟಕಿಯ ಬಳಿ ತನ್ನ ಕುರ್ಚಿಯಲ್ಲಿದ್ದಳು.

"ಇದು ನಿಮ್ಮ ಸಹಿಯಾ?" ಎಂದು ಕೇಳಿದಳು ಆಕೆ.

"ಹೌದು."

"ಭಾನುವಾರ ನೀವು ಅಲ್ಲಿಗೆ ಹೋಗೋದು ನಿಮ್ಮ ಖುಷಿಗೇನಾ?"

ನಾನು ಬಾಯಿ ತೆರೆಯುವ ಮೊದಲೇ ಅಮ್ಮ ತಿರುಗಿದಳು. "ಭಾನುವಾರ ಅವಳು ಚರ್ಚಿಗೆ ಹೋಗ್ತಾಳೆ," ಎಂದಳು ಹೆಮ್ಮೆಯಿಂದ. "ಒಂದು ವಾರಾನೂ ತಪ್ಪಿಸಲ್ಲ. ನಮ್ಮ ವಂಶದಲ್ಲೇ ಇಷ್ಟು ದೈವಭಕ್ತಿ ಇರೋಳು ಇವಳೊಬ್ಬಳೇ."

ಬಿಟ್ಟಿ ಕೆಲಸಕ್ಕೆ ಹೋಗುತ್ತೇನೆಂದು ಹೇಳಲಾಗದೆ ಅಮ್ಮನಿಗೂ, ಆ ಹೊತ್ತಿಗೆ ಅವಳನ್ನು ನೋಡಿಕೊಳ್ಳಲು ಬರುತ್ತಿದ್ದ ತಮ್ಮನಿಗೂ ಎರಡು ವರ್ಷದಿಂದ ಅದನ್ನೇ ಹೇಳಿಕೊಂಡು ಬಂದಿದ್ದೆ. ಎಲ್ಲವನ್ನೂ ಮರೆತ ಅಮ್ಮ ಆ ಒಂದು ಸುಳ್ಳನ್ನು ಮಾತ್ರ ಮರೆತಿರಲಿಲ್ಲ. ನನ್ನ ಹೆಸರು ಹೇಳು ಎಂದರೆ ತಡವರಿಸುವವಳು, ಇದನ್ನು ಪಟಪಟನೆ ಹೇಳಿದಳು.

ಆ ಹೆಂಗಸು ಮೂಗೊರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಖುಷಿಗೆ ಹೋಗೋ ಜಾಗ ಆಗಿದ್ರೆ ಅಮ್ಮನಿಗೆ ಸುಳ್ಳು ಯಾಕೆ ಹೇಳ್ತಿದ್ದೆ?" ಎಂದೆ. "ಸಹಿ ನನ್ನದು. ಮಾತು ಅವನದು. ಬರ್ಕೊಳ್ಳಿ, ಹೇಳ್ತೀನಿ."

ಎಲ್ಲ ಹೇಳಿದೆ. ಹೇಳಿದ್ದಕ್ಕೆ ಹಗುರಾಯಿತು ಎನ್ನುವುದಕ್ಕಿಲ್ಲ. ಕೊಳೆತ ಹಲ್ಲು ಕಿತ್ತ ಮೇಲೂ ನಾಲಗೆ ಅದೇ ಗುಂಡಿಗೆ ಹೋಗುತ್ತದಲ್ಲ, ಹಾಗಿತ್ತು.

ಕೊನೆಗೆ ಆದದ್ದು ಇಷ್ಟು. ಪಾರ್ಜಿಟರ್ ನಮ್ಮಿಬ್ಬರ ಬಾಕಿ ಕೂಲಿ ಕೊಟ್ಟ, 'ಕಚೇರಿಯ ಕೈತಪ್ಪು' ಎಂಬ ಚೀಟಿಯ ಸಮೇತ. ಅವನಿಗೆ ಬೇರೇನೂ ಆಗಲಿಲ್ಲ. ಲೇಸಿನ ಪರದೆ ಹಾಗೆಯೇ ಇದೆ, ಮೂವತ್ನಾಲ್ಕು ಹಾಸಿಗೆಯೂ ತುಂಬಿವೆ. ಸುಳ್ಳು ಪತ್ರ ಕೊಟ್ಟಿದ್ದಕ್ಕೆ ಬೆವ್‌ಳ ನೆರವನ್ನು ಐದು ವಾರ ತಡೆಹಿಡಿದು ಆಮೇಲೆ ಬಿಟ್ಟರು. ಆ ಐದು ವಾರ ಅವಳು ದಾನದ ದಿನಸಿ ಕೊಡುವಲ್ಲಿ ಸಾಲು ನಿಂತಳು. ಪಾರ್ಜಿಟರ್ ಹೆದರಿಸಿದಂತೆ ನನ್ನಿಂದ ಯಾರೂ ಏನನ್ನೂ ವಾಪಸು ಕೇಳಲಿಲ್ಲ. ಅಮ್ಮನ ಕಾಯಿಲೆ ನಿಜವೇ ಆಗಿದ್ದರಿಂದ ಒಂದು ಎಚ್ಚರಿಕೆಯ ಪತ್ರ ಬಂತು, ಅಷ್ಟೆ. ರೆಜ್ ಮತ್ತೆ ಮಹಡಿ ಹತ್ತಲಿಲ್ಲ. ಈಗ ಅವನ ಹಾಸಿಗೆ ಕೆಳಗೆ ಬೀದಿ ಕಡೆಯ ಕೋಣೆಯಲ್ಲಿದೆ.

ಫೆಬ್ರವರಿ ಕಡೆಯಲ್ಲಿ ಬೆವ್‌ಳ ಮನೆಗೆ ಹೋದೆ. ಆ ಹಾಳೆಯ ವಿಷಯ ನಾನೇ ಹೇಳಬೇಕೆಂದು ಹೋಗಿದ್ದೆ. ಅವಳು ರೆಜ್‌ನಿಗೆ ಗಂಜಿ ತಿನ್ನಿಸಿ ಬಟ್ಟಲು ಒರೆಸುತ್ತಿದ್ದಳು.

"ಗೊತ್ತು," ಎಂದಳು, ನಾನು ಅರ್ಧ ಹೇಳುವಷ್ಟರಲ್ಲೇ. "ನೀನು ಸಹಿ ಹಾಕಿದ ದಿನಾನೇ ಅವನು ಇಲ್ಲಿಗೆ ಬಂದು ತೋರಿಸಿದ. ರೆಜ್‌ಗೆ ದ್ರಾಕ್ಷಿ ತಂದಿದ್ದ."

"ಮತ್ತೆ ನೀನು ಏನೂ..."

"ದ್ರಾಕ್ಷಿ ಕಸದ ಡಬ್ಬಕ್ಕೆ ಹಾಕಿದೆ." ಬಟ್ಟಲನ್ನು ಕಪಾಟಿನಲ್ಲಿಟ್ಟಳು. "ನಿನ್ನನ್ನ ಏನು ಮಾಡ್ಬೇಕು ಅಂತ ಇನ್ನೂ ಗೊತ್ತಾಗಿಲ್ಲ ನೊರೀನ್. ಚಹಾ ಕುಡಿದು ಹೋಗು."

ಕುಡಿದೆ. ಆಮೇಲೂ ಹೋಗುತ್ತಿರುತ್ತೇನೆ, ಅವಳೂ ಕೆಟಲ್ ಇಡುತ್ತಾಳೆ. ಮಾತು ಹವಾಮಾನದ್ದು, ಔಷಧಿಯದ್ದು. ಮೊದಲಿನ ನಗು ಇಲ್ಲ.

ನಾನೀಗ ಒಂದು ಶಾಲೆಯ ಅಡುಗೆಮನೆಯಲ್ಲಿ ತಟ್ಟೆ ತೊಳೆಯುತ್ತೇನೆ, ವಾರಕ್ಕೆ ಹದಿನೈದು ಗಂಟೆ, ಪ್ರತಿ ಗಂಟೆಗೂ ಕೂಲಿ. ಹೋದ ತಿಂಗಳು ದಂಡೆಯ ರಸ್ತೆಯಲ್ಲಿ ಬಸ್ಸಿಗೆ ನಿಂತಿದ್ದೆ. ಪಾರ್ಜಿಟರ್‌ನ ಕಾರು ನಿಧಾನವಾಯಿತು. ಕಿಟಕಿ ಇಳಿಸಿ, ಹಳೆಯ ನಂಟನಂತೆ ನಗುತ್ತಾ ಕೈ ಬೀಸಿದ. ಉಗಿಯಬೇಕಿತ್ತು. ಕೊನೆಪಕ್ಷ ಮುಖ ತಿರುಗಿಸಬೇಕಿತ್ತು. ನನ್ನ ಕೈ ಆಗಲೇ ಅರ್ಧ ಮೇಲೆದ್ದಿತ್ತು.