ನಾನು ಮುಟ್ಟಬಾರದ ಕಂಬ

1956ರ ಫೆಬ್ರುವರಿ 6, ಸೋಮವಾರ, ಬೆಳಿಗ್ಗೆ ಏಳು ಗಂಟೆ ಇಪ್ಪತ್ತು ನಿಮಿಷಕ್ಕೆ ನನ್ನ ಮೊದಲ ಕಲ್ಲು ಕೂತಿತು. ನಾನು ಒಂದು ವಿಶ್ವವಿದ್ಯಾಲಯದ ವೀಕ್ಷಣಾಲಯ. ಧಾರವಾಡ ಸೀಮೆಯ ಒಂದು ಬೋಳುಗುಡ್ಡದ ಮೇಲಿದ್ದೇನೆ. ನನಗಿಂತ ಮೊದಲೇ ದೂರದರ್ಶಕಕ್ಕಾಗಿ ಒಂದು ಕಲ್ಲುಕಂಬ ಅಲ್ಲಿ ಬಂಡೆಯಿಂದ ಎದ್ದು ನಿಂತಿತ್ತು. ಅದರ ಸುತ್ತ ನನ್ನನ್ನು ಕಟ್ಟಿದರು. ಆದರೆ ನಾನು ಅದನ್ನು ಮುಟ್ಟಬಾರದು. ಜನ ಓಡಾಡಿದರೆ ನಾನು ಅದುರುತ್ತೇನೆ, ಕಂಬ ಅದುರಬಾರದು. ಅದಕ್ಕಾಗಿ ನೆಲದಲ್ಲಿ ಕಂಬದ ಸುತ್ತ ಎರಡು ಬೆರಳಗಲದ ಸಂದು ಬಿಟ್ಟಿದ್ದರು.

1974ರ ಜನವರಿಯಲ್ಲಿ ತಪಾಸಣಾ ಸಮಿತಿ ಬರುತ್ತದೆಂದು ನನಗೆ ಸುಣ್ಣ ಬಳಿಸಿದರು. ಗೌಂಡಿ ಮಲ್ಲೇಶಪ್ಪ ಆ ಸಂದನ್ನು ಬಿರುಕೆಂದು ತಿಳಿದು, ಯಾರೂ ಹೇಳದೆಯೇ, ಸಿಮೆಂಟು ತುಂಬಿ ನುಣ್ಣಗೆ ತೀಡಿದ. ಕೆಲಸ ಅಚ್ಚುಕಟ್ಟಾಗಿತ್ತು. ಅದರ ಮೇಲೆ ಹೊಸ ಜಮಖಾನೆ ಹಾಸಿದರು.

ಸಂಶೋಧನ ವಿದ್ಯಾರ್ಥಿನಿ ಕಸ್ತೂರಿ ಹುಲಕುಂದ ಆಗ ಒಂದು ಜೋಡಿ ನಕ್ಷತ್ರದ ನಡುವಿನ ಅಂತರ ಅಳೆಯುತ್ತಿದ್ದಳು. ಮೂರು ವರ್ಷದ ಕೆಲಸ. ಮಳೆಗಾಲಕ್ಕೆ ಮೊದಲು ಕೊನೆಯ ಅಳತೆಗಳು ಸಿಗದಿದ್ದರೆ ಪ್ರಬಂಧವಿಲ್ಲ. ಫೆಬ್ರುವರಿಯಿಂದ ದೂರದರ್ಶಕದಲ್ಲಿ ನಕ್ಷತ್ರಗಳು ನಡುಗತೊಡಗಿದವು.

"ನಕ್ಷತ್ರ ಅಲ್ಲ ತಂಗಿ, ನಿನ್ನ ಕೈ ನಡಗ್ತಾವ," ಎಂದರು ಮಾರ್ಗದರ್ಶಕ ಮುತಾಲಿಕರು. "ಎಲ್ಲೆರ ಪಾಠ ಹೇಳೋ ಕೆಲಸ ನೋಡ್ಕೋ."

ಅವಳು ಬಹಳ ದಿನ ತನ್ನ ಕೈಗಳನ್ನೇ ನೋಡಿಕೊಂಡಳು.

ಏಪ್ರಿಲ್‌ನ ಒಂದು ಮಧ್ಯಾಹ್ನ ಜವಾನ ಬಸಲಿಂಗಪ್ಪ ಅವಳ ಚಹಾದ ಕಪ್ಪನ್ನು ಕಂಬದ ಅಂಚಿನ ಮೇಲಿಟ್ಟು ಬಾಗಿಲ ಕಡೆ ನಡೆದ. ಚಹಾದ ಮೇಲೆ ಸಣ್ಣ ಅಲೆಗಳೆದ್ದವು.

"ಬಸಲಿಂಗಪ್ಪ, ಇನ್ನೊಮ್ಮೆ ಅಡ್ಡಾಡ್ರಿ."

"ಚಾ ಆರ್ತೈತ್ರಿ ಬಾಯಾರ."

"ಆರಲಿ. ಜಿಗೀರಿ."

"ಈ ವಯಸ್ಸಿನಾಗ?" ಎನ್ನುತ್ತಲೇ ಅವನು ಜಿಗಿದ. ಚಹಾ ತುಳುಕಿತು. ಅವಳು ಜಮಖಾನೆ ಎತ್ತಿದಳು.

ಸಿಮೆಂಟು ಒಡೆಯಲು ಮಲ್ಲೇಶಪ್ಪನನ್ನೇ ಕರೆಸಿದರು. "ಇಷ್ಟ ಚಂದ ತುಂಬಿದ್ದೆ, ಒಡೀ ಅಂತೀರಲ್ರೀ!" ಎಂದು ಅವನು ಗೊಣಗಿದ. ಕಸ್ತೂರಿ ಕಾರಣ ಹೇಳಿದ ಮೇಲೆ ಉಳಿ ಕೆಳಗಿಟ್ಟು ನಕ್ಕ.

"ಅಂದ್ರ ಕಂಬ ಮಡೀಲೆ ಐತಿ ಅನ್ರಿ. ಮೊದಲ ಹೇಳಬಾರದೇನ್ರೀ?"

ಒಡೆಯಲು ಮೂರು ದಿನ ಹಿಡಿಯಿತು. ಮೊದಲ ಮಳೆಗೆ ಹನ್ನೊಂದು ದಿನ ಮುಂಚೆ ಅವಳ ಕೊನೆಯ ಅಳತೆ ಮುಗಿಯಿತು. ಮುತಾಲಿಕರು ಪಟ್ಟಿಯನ್ನು ಎರಡು ಸಲ ಓದಿ ಸಹಿ ಮಾಡಿದರು.

ಈಗ ಊರ ದೀಪಗಳು ಗುಡ್ಡದವರೆಗೆ ಬಂದಿವೆ. ದೂರದರ್ಶಕವನ್ನು ಬೇರೆಡೆ ಸಾಗಿಸಿದ್ದಾರೆ. ಗುಮ್ಮಟ ತಿರುಗುವುದಿಲ್ಲ, ನನ್ನೊಳಗೆ ಹಳೆಯ ಉತ್ತರಪತ್ರಿಕೆಗಳ ಕಟ್ಟುಗಳಿವೆ. ಕಟ್ಟಡಗಳು ತಾವು ಹೊತ್ತ ಭಾರವನ್ನು ಹೇಳಿಕೊಳ್ಳುವುದುಂಟು. ನಾನು ಹೇಳಿಕೊಳ್ಳಬಹುದಾದದ್ದು, ಕಂಬವನ್ನು ಸೋಕದೆ ನಿಂತದ್ದರಿಂದ ಸಿಕ್ಕ ಒಂದು ಅಂಕಿ. ಅದು ಕಸ್ತೂರಿಯ ಪ್ರಬಂಧದ 112ನೆಯ ಪುಟದಲ್ಲಿದೆ. ಎರಡು ನಕ್ಷತ್ರಗಳ ನಡುವಿನ ಅಂತರ, ಕೋನದ ಲೆಕ್ಕದಲ್ಲಿ, 2.84 ಆರ್ಕ್ ಸೆಕೆಂಡ್.