ಮೇನ್ ಇಳಿಸದ ಆಯುಧಪೂಜೆ

ಬಸ್ಸಿನಿಂದ ಇಳಿಯಬೇಕೆಂದು ಕಂಡಕ್ಟರಿಗೆ ಹೇಳುವ ಮುನ್ನ ಜಯಾ ಆ ಮಾತನ್ನು ಮನಸ್ಸಿನಲ್ಲೇ ಒಂದೆರಡು ಸಲ ಹೇಳಿಕೊಳ್ಳುತ್ತಿದ್ದಳು. ಅಂಥವಳು ಆಯುಧಪೂಜೆಯ ಬೆಳಿಗ್ಗೆ ಭದ್ರಾವತಿಯ ಷೆಡ್ಡಿನಲ್ಲಿ ಮೇನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತುಬಿಟ್ಟಿದ್ದಳು. ಎದುರಿಗೆ ಮಾಲೀಕ ಷಡಕ್ಷರಪ್ಪ, ಹಣೆ ತುಂಬ ವಿಭೂತಿ, ಕೈಯಲ್ಲಿ ಕುಂಕುಮದ ಬಟ್ಟಲು.

ಷೆಡ್ಡಿನ ಮುಂಭಾಗವೆಲ್ಲ ಕಬ್ಬಿಣ ಕಡೆಯುವ ಲೇತ್‌ಗಳು. ಹಿಂದಿನ ಗಾಜಿನ ಬಾಗಿಲಿನ ಕೋಣೆ ಜಯಾಳದು. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ಅವಳನ್ನು ಆ ವರ್ಷವಷ್ಟೇ ಕೆಲಸಕ್ಕೆ ತೆಗೆದುಕೊಂಡಿದ್ದರು. ಉತ್ತರ ಭಾರತದ ಒಂದು ಲೇಸರ್ ಪ್ರಯೋಗಾಲಯಕ್ಕೆ ಅವಳು ಗುರಿಗಳನ್ನು ಮಾಡುತ್ತಿದ್ದಳು. ಗುರಿ ಎಂದರೆ ಸಾಸಿವೆ ಕಾಳಿನಷ್ಟು ಪ್ಲಾಸ್ಟಿಕ್ ಗೋಳ, ಅದರೊಳಗೆ ಉಸಿರಿನಷ್ಟು ಹಗುರವಾದ ಫೋಮ್. ಲೇಸರ್ ಕಿರಣಗಳು ಸುತ್ತಲಿಂದ ಒಟ್ಟಿಗೇ ಅದರ ಮೇಲೆ ಬಿದ್ದು, ಸೂರ್ಯನೊಳಗೆ ಆಗುವ ಹಾಗೆ ಪರಮಾಣುಗಳು ಬೆಸೆದುಕೊಳ್ಳುತ್ತವೆಯೇ ಎಂದು ಅಲ್ಲಿನವರು ನೋಡಬೇಕಿತ್ತು.

ಕಷ್ಟವೆಲ್ಲ ದ್ರವದಲ್ಲಿ ನೆನೆದೇ ತಯಾರಾಗುವ ಆ ಫೋಮನ್ನು ಒಣಗಿಸುವುದರಲ್ಲಿತ್ತು. ಗಾಳಿಗೆ ಬಿಟ್ಟರೆ ಒಳಗಿನ ದ್ರವ ಆರುವಾಗ ಫೋಮನ್ನೂ ಎಳೆದುಕೊಂಡು ಹೋಗುತ್ತದೆ, ಗೋಳದೊಳಗೆ ಒಣದ್ರಾಕ್ಷಿಯಂಥ ಮುದ್ದೆ ಉಳಿಯುತ್ತದೆ. ಅದಕ್ಕೇ ಉಕ್ಕಿನ ಪಾತ್ರೆಯಲ್ಲಿಟ್ಟು, ಇಂಗಾಲದ ಡೈಆಕ್ಸೈಡನ್ನು ಒತ್ತಡದಲ್ಲಿ ತುಂಬಿ, ಹದವಾಗಿ ಕಾಯಿಸಿ, ದಿನವಿಡೀ ನಿಧಾನವಾಗಿ ಅನಿಲ ಬಿಡಬೇಕು. ನಡುವೆ ಕಾವು ಹೋಯಿತೋ, ಅನಿಲ ಮತ್ತೆ ದ್ರವವಾಗಿ ಎಲ್ಲವನ್ನೂ ಕುಗ್ಗಿಸುತ್ತದೆ. ಹಿಂದಿನ ಎರಡು ಸಲವೂ ಕರೆಂಟು ಕೈಕೊಟ್ಟಿತ್ತು. ಇನ್ನೊಮ್ಮೆ ಕೆಟ್ಟರೆ ಬೇರೆಯವರಿಂದ ಮಾಡಿಸಿಕೊಳ್ಳುತ್ತೇವೆ ಎಂದು ಪ್ರಯೋಗಾಲಯದವರು ಫೋನಿನಲ್ಲಿ ಹೇಳಿದ್ದರು. ಆಮೇಲೆ ಗಾಜಿನ ಕೋಣೆಯೂ ಇರುವುದಿಲ್ಲ, ಜಯಾಳೂ ಇರುವುದಿಲ್ಲ.

ಹಾಗಾಗಿ ಅವಳು ಯೋಚಿಸಿ ಯೋಚಿಸಿ ಆಯುಧಪೂಜೆಯ ದಿನವನ್ನೇ ಆರಿಸಿದ್ದಳು. ಊರಿನ ಮಿಲ್ಲು, ವರ್ಕ್‌ಶಾಪುಗಳೆಲ್ಲ ಮುಚ್ಚಿರುತ್ತವೆ, ಕರೆಂಟು ಹೋಗುವುದಿಲ್ಲ. ಎಲ್ಲ ಲೆಕ್ಕ ಹಾಕಿದವಳು ತನ್ನ ಷೆಡ್ಡಿನ ಮೇನನ್ನೇ ಮರೆತಿದ್ದಳು. ಅದನ್ನು ಇಳಿಸಿ ಕರೆಂಟು ಆರಿಸದೆ ಇಲ್ಲಿ ಪೂಜೆಯೇ ಶುರುವಾಗುವುದಿಲ್ಲವೆಂದು ಅವಳಿಗೆ ಗೊತ್ತಾದದ್ದು ಷಡಕ್ಷರಪ್ಪನವರು ಹಿಡಿಗೆ ಕೈ ಹಾಕಿದಾಗ.

"ಪಕ್ಕಕ್ಕೆ ಬಾರಮ್ಮ. ಅರ್ಧ ಗಂಟೆ ಕೆಲಸ."

"ಅರ್ಧ ಗಂಟೇಲಿ ಪಾತ್ರೆ ತಣ್ಣಗಾಗುತ್ತೆ ಸರ್. ಹಬ್ಬದ ದಿನಾನೂ ಹೀಟರ್ ಓಡಬೇಕು ಅಂತ ನಿನ್ನೆ ಹೇಳಿದ್ದೆ."

"ಓಡ್ಲಿ ಅಂದೆ. ಪೂಜೆ ಹೊತ್ತಲ್ಲೂ ಓಡ್ಲಿ ಅಂದ್ನಾ?"

ಗಾಜಿನ ಬಾಗಿಲಿನ ಹಿಂದೆ ಸಹಾಯಕಿ ಕರೀಮಾಬಿ ಪಾತ್ರೆಯ ಒತ್ತಡ ತೋರಿಸುವ ಮುಳ್ಳಿನ ಮೇಲೆ ಕಣ್ಣಿಟ್ಟು ಕೂತಿದ್ದಳು. ಕಡ್ಡಿಯ ತುದಿಗೆ ತನ್ನದೇ ತಲೆಗೂದಲು ಅಂಟಿಸಿಕೊಂಡು ಆ ಗೋಳಗಳನ್ನು ಎತ್ತಿಡುವವಳು ಅವಳೇ. ಬಾಗಿಲು ಒಂದಿಷ್ಟು ಸರಿಸಿ, "ಜಯಕ್ಕಾ, ಇಲ್ಲೆಲ್ಲ ಸರಿ ಇದೆ. ನೀವು ಅಲ್ಲೇ ನಿಂತಿರಿ," ಎಂದು ಮತ್ತೆ ಮುಚ್ಚಿಕೊಂಡಳು.

"ಇವಳೊಬ್ಬಳು ಬೇರೆ," ಎಂದರು ಷಡಕ್ಷರಪ್ಪ. ಆಮೇಲೆ ದನಿ ತಗ್ಗಿಸಿ, "ನೋಡು, ಇದು ಬರೀ ಶಾಸ್ತ್ರ ಅಲ್ಲ. ಸುಬ್ಬಪ್ಪ, ಕೈ ತೋರ್ಸಪ್ಪ," ಎಂದರು.

ಹಳೆಯ ಟರ್ನರ್ ಸುಬ್ಬಪ್ಪ ಬಲಗೈ ಎತ್ತಿದ. ಎರಡು ಬೆರಳು ಮೊಟಕಾಗಿದ್ದವು. "ಲೇತಿಗೆ ಹಾರ ಹಾಕ್ತಿದ್ದೆ ಮೇಡಂ. ಯಾವನೋ ಸ್ವಿಚ್ ಒತ್ತಿದ. ಹಾರದ ಜೊತೆ ಇವೂ ಹೋದ್ವು. ಅವತ್ತಿಂದ ಮೇನ್ ಇಳಿಸ್ದೆ ಯಾರೂ ಮುಟ್ಟಲ್ಲ."

ಇದು ಅವಳು ಎಣಿಸಿದ್ದ ಹಟವಲ್ಲ, ಭಯ. ಭಯ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವಳು ಜಾಗ ಬಿಡಲಿಲ್ಲ.

"ನಮ್ಮಪ್ಪ ಉಕ್ಕಿನ ಕಾರ್ಖಾನೇಲಿ ಫರ್ನೇಸ್ ಕೆಲಸದಲ್ಲಿದ್ರು ಸರ್. ಅದನ್ನ ಯಾವ ಹಬ್ಬಕ್ಕೂ ಆರಿಸ್ತಿರಲಿಲ್ಲ. ಉರೀತಿರೋ ಹಾಗೇ ಕುಂಕುಮ ಹಚ್ಚಿ ಕೈ ಮುಗೀತಿದ್ರು. ನನ್ನ ಪಾತ್ರೆಗೂ ಹಾಗೇ ಆಗಲಿ, ಕುಂಕುಮ ಬಾಗಿಲಿನ ಹೊರಗೇ ಹಚ್ಚಿ. ಲೇತ್‌ಗಳ ಫ್ಯೂಸ್ ಒಂದೊಂದೇ ಕೀಳಿಸಿ. ಕಿತ್ತಿದ್ದು ಸುಬ್ಬಪ್ಪನವರ ಜೇಬಲ್ಲಿರಲಿ. ಅವರು ಕೊಡೋವರೆಗೆ ಯಾವ ಲೇತೂ ತಿರುಗಲ್ಲ."

"ನನ್ನ ಷೆಡ್ಡಲ್ಲಿ ನಂಗೇ ಹೇಳ್ಕೊಡ್ತೀಯಾ?"

"ಹೌದು ಸರ್."

ಆ ಮಾತು ತನ್ನ ಬಾಯಿಂದಲೇ ಬಂತೇ ಎಂದು ಅವಳಿಗೂ ಅನುಮಾನವಾಯಿತು.

"ಹಾಗಾದ್ರೆ ಹಬ್ಬ ಮುಗಿದ ಮೇಲೆ ಬರಬೇಡ."

"ಅದನ್ನ ಸಂಜೆ ಹೇಳಿ. ಸಂಜೆವರೆಗೆ ಮೇನ್ ಇಳಿಯಲ್ಲ."

ಸುಬ್ಬಪ್ಪ ಕೆಮ್ಮಿದ. "ನನ್ ಜೇಬು ದೊಡ್ಡದಿದೆ ಯಜಮಾನ್ರೇ. ಬೆರಳು ತುಂಬಿಸ್ಕೊಳ್ಳೋಕಿಂತ ಫ್ಯೂಸ್ ವಾಸಿ." ಹುಡುಗರು ನಕ್ಕರು. ಷಡಕ್ಷರಪ್ಪ ನಗಲಿಲ್ಲ. ಆದರೆ ಮೇನಿನ ಮುಂದಿನಿಂದ ಹಿಂದೆ ಸರಿದರು. ಸುಬ್ಬಪ್ಪ ಒಂದೊಂದೇ ಫ್ಯೂಸ್ ಕಿತ್ತು ಜೇಬಿಗಿಳಿಸಿದ. ಪೂಜೆ ಆಯಿತು, ಬೂದುಗುಂಬಳ ಒಡೆದರು, ಮಂಡಕ್ಕಿ ಹಂಚಿದರು. ಜಯಾಳ ಪಾಲನ್ನು ಯಾರೋ ಮೇನಿನ ಹತ್ತಿರವೇ ತಂದುಕೊಟ್ಟರು. ಅವಳು ನಿಂತೇ ತಿಂದಳು.

ಸಂಜೆ ಮುಳ್ಳು ಸೊನ್ನೆಗಿಳಿಯಿತು. ಕರೀಮಾಬಿ ಕೂದಲಿನ ತುದಿಯಲ್ಲಿ ಗೋಳಗಳನ್ನು ಒಂದೊಂದಾಗಿ ಮೈಕ್ರೋಸ್ಕೋಪಿನಡಿ ಇಟ್ಟಳು. ಒಂದು ಬಿರುಕು ಬಿಟ್ಟಿತ್ತು. ಉಳಿದವುಗಳಲ್ಲಿ ಫೋಮ್ ಗೋಡೆಯವರೆಗೆ ತುಂಬಿ ನಿಂತಿತ್ತು.

ಷಡಕ್ಷರಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. "ಇದರೊಳಗೆ ಏನೂ ಇದ್ದ ಹಾಗಿಲ್ಲವಲ್ಲೇ."

"ಇದೆ ಸರ್. ಇಲ್ಲದಿದ್ರೆ ಬೆಳಗಿಂದ ನಿಲ್ತಿರಲಿಲ್ಲ."

ಬರಬೇಡ ಎಂದಿದ್ದನ್ನು ಅವರು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮತ್ತೆ ಹೇಳಲೂ ಇಲ್ಲ. ಜಯಾ ಅದಕ್ಕೆ ಕಾಯಲಿಲ್ಲ. ಕೋಣೆಗೆ ಬೀಗ ಹಾಕಿದಳು. ಕೀಲಿಯನ್ನು ದಿನವೂ ಅವರ ಮೇಜಿನ ಮೊಳೆಗೆ ನೇತುಹಾಕುತ್ತಿದ್ದವಳು ಅಂದು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಹಬ್ಬ ಮುಗಿಸ್ಕೊಂಡು ಬರ್ತೀನಿ ಸರ್. ಅಷ್ಟರಲ್ಲಿ ಈ ಕೋಣೆಗೆ ಬೇರೆ ಲೈನ್ ಎಳೆಸಿರಿ."

ಈ ಮಾತನ್ನು ಅವಳು ಮೊದಲೇ ಮನಸ್ಸಿನಲ್ಲಿ ಹೇಳಿ ನೋಡಿರಲಿಲ್ಲ.