ಮಾಂಜಿಗೆ ಚುಕ್ಕಾಣಿ ಕಟ್ಟಿದವರು ಯಾರು?

ನಾನು ಒಂದು ಸರ್ಫಿಂಗ್ ಹಲಗೆ. ಅದರಲ್ಲೂ ‘ಮೀನು’ ಎಂದು ಕರೆಯುವ ಜಾತಿಯವನು. ಗಿಡ್ಡ, ಅಗಲ ಮೈ, ಸೀಳಿದ ಬಾಲ. ಉದ್ದನೆಯ ಚೂಪು ಹಲಗೆಗಳ ಸಾಲಿನಲ್ಲಿ ನಿಲ್ಲಿಸಿದರೆ ಕುಳ್ಳನಂತೆ ಕಾಣುತ್ತೇನೆ. ಕಾಣಲಿ ಬಿಡಿ. ಸಣ್ಣ ಅಲೆಗೆ ಅವರೆಲ್ಲ ನಿಂತಲ್ಲೇ ಮುಳುಗುವಾಗ ಓಡುವವನು ನಾನೇ.

ನಾನು ಹುಟ್ಟಿದ್ದು ಮಲ್ಪೆಯ ಹತ್ತಿರ, ಫೈಬರ್ ದೋಣಿ ಮಾಡುವ ಒಂದು ಶೆಡ್ಡಿನಲ್ಲಿ. ದಾಮು ಕಾಂಚನ್ ಎಂಬವರು ಫೋಮಿನ ತುಂಡನ್ನು ಉಜ್ಜಿ ಉಜ್ಜಿ ನನಗೆ ಆಕಾರ ಕೊಟ್ಟರು. ಬಾಲದ ಅಡಿಯಲ್ಲಿ ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು ಸೀಳು ಬಿಟ್ಟರು. ಅವುಗಳಲ್ಲಿ ಫಿನ್ ಎನ್ನುವ ರೆಕ್ಕೆಗಳನ್ನು ಕೂರಿಸಿ ಸ್ಕ್ರೂ ಬಿಗಿಯಬೇಕು. ಯಾವ ರೆಕ್ಕೆ, ಎಷ್ಟು ರೆಕ್ಕೆ ಎನ್ನುವುದು ಮಾಲೀಕರ ಇಷ್ಟ. ನನ್ನ ಕಷ್ಟಗಳೆಲ್ಲ ಶುರುವಾದದ್ದು ಆ ಇಷ್ಟದಿಂದಲೇ.

ಮೊದಲ ಮಾಲೀಕ ರೋಶನ್ ಡಿಸಿಲ್ವ. ಜಿಮ್ ನಡೆಸುವವನು, ತೂಕ ಎಂಬತ್ತೆಂಟು ಕಿಲೋ. ಅವನು ರೆಕ್ಕೆ ಆರಿಸಿದ್ದು ಬಣ್ಣ ನೋಡಿ. ತನ್ನ ಕೆಂಪು ಚಡ್ಡಿಗೆ ಒಪ್ಪುವಂಥ ಎರಡು ಕೆಂಪು ರೆಕ್ಕೆ, ಮಗುವಿನ ಅಂಗೈಯಷ್ಟು ಗಾತ್ರ. ಅವನ ಭಾರಕ್ಕೆ ಅವು ನೀರನ್ನು ಹಿಡಿಯಲೇ ಇಲ್ಲ. ತಿರುಗಿದಾಗಲೆಲ್ಲ ನನ್ನ ಬಾಲ ಜಾರಿತು, ಅವನು ಬಿದ್ದ. "ಇದು ಬೋರ್ಡಲ್ಲ ಮಾರಾಯ, ಸೋಪಿನ ತುಂಡು" ಎಂದು ಬೈದು, ಶಾಂಭವಿ ಹೊಳೆ ಕಡಲು ಸೇರುವ ಕಡೆಯ ಒಂದು ಸರ್ಫಿಂಗ್ ಕ್ಲಬ್ಬಿಗೆ ನನ್ನನ್ನು ಕೊಟ್ಟುಬಿಟ್ಟ. ತಪ್ಪು ಅವನದು, ಹೆಸರು ಕೆಟ್ಟದ್ದು ನನ್ನದು. ಆ ಸಿಟ್ಟು ಇನ್ನೂ ಹೋಗಿಲ್ಲ.

ಕ್ಲಬ್ಬಿನ ಮೂಲೆಯಿಂದ ನನ್ನನ್ನು ಎತ್ತಿಕೊಂಡವರು ಸುಗಂಧಿಯಕ್ಕ. ವಯಸ್ಸು ನಲವತ್ತೆರಡು. ಬೆಳಗ್ಗೆ ಮಾರುಕಟ್ಟೆಯಲ್ಲಿ ಮೀನು ಮಾರಿ, ಮಧ್ಯಾಹ್ನ ಅಲೆಗೆ ಬರುತ್ತಿದ್ದರು. ಅವರನ್ನು ನೋಡಿ ಮಾರುಕಟ್ಟೆಯ ಇನ್ನೂ ಆರು ಹೆಂಗಸರಿಗೆ ಆಸೆ ಹುಟ್ಟಿತು. "ಆ ಕ್ಲಬ್ಬಿನ ಹುಡುಗರ ಹತ್ರ ನಾವು ಕಲಿಯುದಿಲ್ಲ. ನೀನು ಕಲಿಸಿದ್ರೆ ಬರ್ತೇವೆ" ಎಂದರು. ಕ್ಲಬ್ಬಿನ ಕಾರ್ಯದರ್ಶಿ ಒಂದು ಷರತ್ತು ಹಾಕಿದರು. ಡಿಸೆಂಬರಿನ ಸ್ಪರ್ಧೆಯಲ್ಲಿ ಮೊದಲ ಎರಡು ಸ್ಥಾನಗಳಲ್ಲಿ ಒಂದನ್ನು ಗೆದ್ದರೆ ಸುಗಂಧಿಯಕ್ಕನಿಗೆ ಹೆಂಗಸರ ತರಗತಿ. ಇಲ್ಲದಿದ್ದರೆ ಆ ಮಾತು ಅಲ್ಲಿಗೇ ಮುಗಿಯಿತು.

ಸುಗಂಧಿಯಕ್ಕನ ಅಣ್ಣ ವಾಮನಣ್ಣ ಮೂವತ್ತು ವರ್ಷದಿಂದ ಮೀನು ದೋಣಿ ನಡೆಸುತ್ತಿದ್ದ ತಂಡೇಲ. ತಂಗಿ ಗೆಲ್ಲಬೇಕೆಂಬ ಆಸೆ ಅವರಿಗೆ ಎಲ್ಲರಿಗಿಂತ ಹೆಚ್ಚು. ನನ್ನನ್ನು ಮಗುಚಿ ನೋಡಿ ಗಾಬರಿಯಾದರು.

"ಎಂತ ಇದು, ನಡು ಖಾಲಿ? ಚುಕ್ಕಾಣಿ ಇಲ್ಲದ ದೋಣಿ ಉಂಟಾ?"

ಕೆಂಪು ರೆಕ್ಕೆಗಳನ್ನು ಕಿತ್ತು, ನಡುವಿನ ಸೀಳಿಗೆ ಉದ್ದ ಹಲಗೆಯ ದೊಡ್ಡ ರೆಕ್ಕೆಯೊಂದನ್ನು ಹಾಕಿ ಬಿಗಿದರು. ಅಣ್ಣನ ಮಾತನ್ನು ಸುಗಂಧಿಯಕ್ಕ ಮೀರಲಿಲ್ಲ. ಅಂದಿನಿಂದ ನಾನು ಜಾರಲಿಲ್ಲ, ನಿಜ. ಆದರೆ ತಿರುಗಲೂ ಇಲ್ಲ. ಎಕ್ಸ್‌ಪ್ರೆಸ್ ಬಸ್ಸಿನಂತೆ ನೇರ ದಡಕ್ಕೆ ಹೋಗಿ ನಿಲ್ಲುತ್ತಿದ್ದೆ. ಸ್ಪರ್ಧೆಯ ಮೊದಲ ಸುತ್ತನ್ನು ದಾಟಿದ್ದು ಇನ್ನೊಬ್ಬಳು ಬಿದ್ದಳೆಂಬ ಕಾರಣಕ್ಕೆ.

ಅಂತಿಮ ಸುತ್ತು ಮಧ್ಯಾಹ್ನಕ್ಕೆ. ಅಲೆಗಳು ಇನ್ನಷ್ಟು ಕುಗ್ಗಿದ್ದವು. ಸುಗಂಧಿಯಕ್ಕ ಕ್ಲಬ್ಬಿನ ರೆಕ್ಕೆಗಳ ಡಬ್ಬವನ್ನು ಮರಳಿನ ಮೇಲೆ ಸುರಿದು ಕುಕ್ಕರಗಾಲಲ್ಲಿ ಕುಳಿತರು, ಮೀನಿನ ರಾಶಿಯ ಮುಂದೆ ಕೂರುವಂತೆಯೇ. ಒಂದೊಂದನ್ನೂ ಬೆರಳಲ್ಲಿ ಒತ್ತಿ ನೋಡಿದರು. ಎತ್ತರದ ತೆಳು ಜೋಡಿಯನ್ನು ಪಕ್ಕಕ್ಕಿಟ್ಟರು.

"ಇದು ಚುರುಕು ತಿರುಗ್ತದೆ. ಆದ್ರೆ ಇವತ್ತು ಅಲೆಯಲ್ಲಿ ಜೋರಿಲ್ಲ. ಓಟ ರೆಕ್ಕೆಯೇ ಕೊಡ್ಬೇಕು."

ಕೊನೆಗೆ ಎತ್ತಿದ್ದು ತಗ್ಗಾದ, ಬುಡ ಅಗಲವಾದ ಒಂದು ಜೋಡಿ. ಅದನ್ನು ನೋಡಿದ್ದೇ ನನ್ನ ಮೈಯೆಲ್ಲ ಜುಮ್ಮೆಂದಿತು. ನಡುವಿನ ದೊಡ್ಡ ರೆಕ್ಕೆ ಇನ್ನು ಬೇಡವೆಂದು ಅವರು ಆ ಎರಡನ್ನೂ ಎಡಬಲದ ಸೀಳುಗಳಿಗೆ ಹಾಕತೊಡಗಿದರು.

"ನಡು ಖಾಲಿ ಬಿಡ್ತೀಯಾ? ಮಂಡೆ ಸರಿ ಉಂಟಾ ನಿಂಗೆ?" ವಾಮನಣ್ಣ ಓಡಿಬಂದರು.

"ಅಣ್ಣ, ನಿನ್ನ ಬಲೆಗೆ ಎಷ್ಟು ಮಾಂಜಿ ಬಿದ್ದಿಲ್ಲ! ಅಷ್ಟು ಅಗಲದ ಮೀನು. ಅದಕ್ಕೆ ಚುಕ್ಕಾಣಿ ಕಟ್ಟಿದವರು ಯಾರು? ಇದು ದೋಣಿ ಅಲ್ಲ. ಮೀನು."

ವಾಮನಣ್ಣ ಬಗ್ಗಿ ನೋಡಿ ಹಣೆ ಚಚ್ಚಿಕೊಂಡರು.

"ಮೀನಾದ್ರೂ ಎಡದ್ದು ಬಲಕ್ಕೆ ಹಾಕುದಾ ಮಾರಾಯ್ತಿ? ಚಪ್ಪಟೆ ಬದಿ ಒಳಗೆ, ಉಬ್ಬು ಹೊರಗೆ. ಇಲ್ಲದಿದ್ರೆ ನೀರು ಅಡ್ಡ ಹೊಡೀತದೆ. ಕೊಡು ಇಲ್ಲಿ!"

ನೀರಿನ ಹರಿವು ಅವರಿಗೆ ಗೊತ್ತಿಲ್ಲದ್ದೇ? ತಾವು ಹಾಕಿದ ದೊಡ್ಡ ರೆಕ್ಕೆಯನ್ನು ತಾವೇ ಕಿತ್ತು, ಆ ಎರಡನ್ನೂ ಸರಿಯಾಗಿ ಕೂರಿಸಿ, ಸ್ಕ್ರೂ ಬಿಗಿದುಕೊಟ್ಟರು. ಆ ಕ್ಷಣ ನನಗೆ ಅವರ ಮೇಲೆ ತುಂಬ ಪ್ರೀತಿ ಬಂತು.

ನೀರಿನಲ್ಲಿ ನಾಲ್ವರು. ಕೊನೆಯ ಮೂರು ನಿಮಿಷದವರೆಗೂ ನಾವು ನಾಲ್ಕನೆಯವರು. ಆಗ ಮೊಣಕಾಲೆತ್ತರದ ಒಂದು ಸೊರಗಿದ ಅಲೆ ಬಂತು. ಉಳಿದ ಮೂವರು ಬೇಡವೆಂದು ಬಿಟ್ಟರು. ಸುಗಂಧಿಯಕ್ಕ ಬಿಡಲಿಲ್ಲ. ಅವರು ನನ್ನ ಮೇಲೆ ಎದ್ದು ನಿಂತದ್ದೇ ತಡ, ಎರಡೂ ರೆಕ್ಕೆಗಳು ನೀರನ್ನು ಹಿಡಿದವು. ಓಡಿದೆ! ಇಷ್ಟು ದಿನ ಕಟ್ಟಿಹಾಕಿದ್ದ ಓಟವನ್ನೆಲ್ಲ ಓಡಿದೆ. ಅವರು ಬಲಕ್ಕೆ ವಾಲಿದರು, ದೊಡ್ಡದಾಗಿ ಸುತ್ತಿ ತಿರುಗಿದೆ. ಎಡಕ್ಕೆ ವಾಲಿದರು, ಮತ್ತೆ ತಿರುಗಿದೆ. ಅಲೆ ಮರಳು ಮುಟ್ಟುವವರೆಗೂ ಅವರನ್ನು ಬೀಳಿಸಲಿಲ್ಲ.

ಎರಡನೆಯ ಸ್ಥಾನ! ಮೊದಲನೆಯವಳಿಗೂ ನಮಗೂ ಕಾಲು ಅಂಕದ ಅಂತರ. ತೀರ್ಪುಗಾರರು ಕನ್ನಡಕ ಒರೆಸಿಕೊಂಡಿರಲಿಲ್ಲ ಎಂಬುದು ನನ್ನ ವಾದ. ಆ ಆರು ಹೆಂಗಸರು ಉಟ್ಟ ಸೀರೆಯಲ್ಲೇ ನೀರಿಗೆ ಇಳಿದು ಸುಗಂಧಿಯಕ್ಕನನ್ನು ಎತ್ತಿಕೊಂಡರು.

ಈಗ ನಾನು ಮುದುಕ. ಬಿಳಿ ಮೈ ಹಳದಿಯಾಗಿದೆ, ಹೊಟ್ಟೆಯ ಮೇಲೆ ಒಂಬತ್ತು ತೇಪೆ. ಕ್ಲಬ್ಬಿನ ಗೋಡೆಗೆ ಒರಗಿ ಕಡಲು ನೋಡುತ್ತಿರುತ್ತೇನೆ. ಹೆಂಗಸರ ತರಗತಿಯಲ್ಲಿ ಈಗ ಮೂವತ್ತೊಂದು ಜನ. ತಲೆತಲಾಂತರದಿಂದ ದಡದಲ್ಲಿ ನಿಂತು ದೋಣಿಗಾಗಿ ಕಾದವರ ಮನೆಯವರು ಅವರು. ಅವರೆಲ್ಲ ಅಲೆಯ ಮೇಲೆ ನಿಂತು ಬರುವಾಗ ಮೀನು ಹಿಡಿದು ಹೊಳೆಬಾಯಿಗೆ ಬಂದ ವಾಮನಣ್ಣ ದೋಣಿಯ ಇಂಜಿನ್ ನಿಲ್ಲಿಸುತ್ತಾರೆ. ಅವರ ಹಿಂದಿನ ದೋಣಿಗಳೂ ನಿಲ್ಲುತ್ತವೆ. ಹೆಂಗಸರು ದಡ ಮುಟ್ಟುವವರೆಗೂ ಗಂಡಸರು ನೀರಿನಲ್ಲಿ ಕಾಯುತ್ತಾರೆ.